ಕ್ಷೌರದಂಗಡಿಯ ಪಟ್ಟೆಕಂಬ

ಕ್ಷೌರದಂಗಡಿಯ ಬಾಗಿಲ ಪಕ್ಕದಲ್ಲಿ ನಿಲ್ಲಿಸುವ ಅಥವಾ ಗೋಡೆಗೆ ಬಿಗಿಯುವ ಸುರುಳಿ ಪಟ್ಟೆಯ ಕಂಬ ಯುರೋಪಿನ ಹಳೆಯ ಅಂಗಡಿ ಗುರುತುಗಳಲ್ಲಿ ಒಂದು. ಬ್ರಿಟನ್ನಿನಲ್ಲಿ ಅದಕ್ಕೆ ಸಾಮಾನ್ಯವಾಗಿ ಕೆಂಪು, ಬಿಳಿ ಎರಡೇ ಬಣ್ಣ; ಅಮೆರಿಕದಲ್ಲಿ ನೀಲಿಯೂ ಸೇರಿಕೊಳ್ಳುತ್ತದೆ. ತಲೆಯ ಮೇಲೊಂದು ಗುಂಡು, ಕೆಲವೆಡೆ ಬುಡದಲ್ಲೂ ಒಂದು. ಕತ್ತರಿ, ಬಾಚಣಿಗೆ, ಕೂದಲು ಇವುಗಳ ಸುಳಿವೂ ಅದರಲ್ಲಿಲ್ಲ. ಕ್ಷೌರಿಕ ಹಿಂದೆ ಮಾಡುತ್ತಿದ್ದ ಇನ್ನೊಂದು ಕೆಲಸದ ಗುರುತು ಅದು. ಆ ಕೆಲಸವೆಂದರೆ ಜನರ ಮೈಯಿಂದ ರಕ್ತ ತೆಗೆಯುವುದು.

ರಕ್ತ ತೆಗೆದರೆ ರೋಗ ಇಳಿಯುತ್ತದೆ ಎಂಬ ನಂಬಿಕೆ ಯುರೋಪಿನಲ್ಲಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಳಿದಿತ್ತು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳು ಸಮವಾಗಿದ್ದರೆ ಆರೋಗ್ಯ, ಏರುಪೇರಾದರೆ ರೋಗ ಎಂಬುದು ಗ್ರೀಕ್ ವೈದ್ಯರ ಸಿದ್ಧಾಂತ. 2ನೇ ಶತಮಾನದ ಗೇಲೆನ್ ಅದಕ್ಕೆ ಕಟ್ಟಿಕೊಟ್ಟ ಚೌಕಟ್ಟೇ ಮುಂದೆ ಶಾಸ್ತ್ರವಾಯಿತು. ವಾತ, ಪಿತ್ತ, ಕಫಗಳ ಮಾತು ಕೇಳಿ ಬೆಳೆದವರಿಗೆ ಇದು ತೀರಾ ಹೊಸದೆನಿಸದು. ಸುಶ್ರುತ ಸಂಹಿತೆಯಲ್ಲೂ ಜಿಗಣೆ ಹಚ್ಚುವುದಕ್ಕೆ ಒಂದು ಅಧ್ಯಾಯವೇ ಇದೆ, ಸಿರೆ ಚುಚ್ಚಿ ರಕ್ತ ಬಿಡುವ ವಿಧಾನವೂ ಇದೆ. ಯುರೋಪಿನ ವಿಶೇಷವೆಂದರೆ ಈ ಚಿಕಿತ್ಸೆಯ ಮಿತಿಯಿಲ್ಲದ ಬಳಕೆ. ಜ್ವರಕ್ಕೆ, ತಲೆನೋವಿಗೆ, ಕೀಲುನೋವಿಗೆ, ಪಾರ್ಶ್ವವಾಯುವಿಗೆ ರಕ್ತ ತೆಗೆಯುತ್ತಿದ್ದರು. ಏನೂ ಆಗದವರು ಕೂಡ ಮುಂದೆ ಏನೂ ಆಗದಿರಲೆಂದು ವಸಂತಕಾಲದಲ್ಲಿ ತೋಳು ಚಾಚುತ್ತಿದ್ದರು. ಯಾವ ರಾಶಿಯಲ್ಲಿ ಚಂದ್ರನಿದ್ದಾಗ ಯಾವ ಅಂಗಕ್ಕೆ ಕತ್ತಿ ತಾಗಿಸಬಾರದು ಎಂದು ಸೂಚಿಸುವ ಪಂಚಾಂಗಗಳೂ ಇದ್ದವು.

ಕ್ರೈಸ್ತ ಮಠಗಳಲ್ಲಿ ಸಂನ್ಯಾಸಿಗಳಿಗೆ ವರ್ಷದಲ್ಲಿ ಕೆಲವು ಸಲ ನಿಯಮದಂತೆ ರಕ್ತ ತೆಗೆಯುವ ವಾಡಿಕೆಯಿತ್ತು. ಆ ದಿನಗಳಲ್ಲಿ ಅವರಿಗೆ ವಿಶ್ರಾಂತಿ, ಒಳ್ಳೆಯ ಊಟ ಸಿಗುತ್ತಿದ್ದುದರಿಂದ ಬೇಸರಿಸುವವರು ಕಡಿಮೆಯಿದ್ದಿರಬೇಕು. ನೆತ್ತಿ ಬೋಳಿಸುವುದೂ ಸಂನ್ಯಾಸದ ನಿಯಮವೇ ಆದ್ದರಿಂದ ಮಠದ ಬದುಕಿನಲ್ಲಿ ಕ್ಷೌರದ ಕತ್ತಿಗೂ ರಕ್ತ ತೆಗೆಯುವ ಕತ್ತಿಗೂ ನಂಟು ಸಹಜವಾಗಿ ಬೆಳೆಯಿತು. 1163ರಲ್ಲಿ ಫ್ರಾನ್ಸಿನ ಟೂರ್ ನಗರದಲ್ಲಿ ಸೇರಿದ ಧರ್ಮಸಭೆ ಪಾದ್ರಿಗಳಿಗೆ ಶಸ್ತ್ರಚಿಕಿತ್ಸೆಯನ್ನು ನಿಷೇಧಿಸಿತು, ಅಂದಿನಿಂದ ಅದು ಕ್ಷೌರಿಕರ ಪಾಲಾಯಿತು ಎಂದು ಅನೇಕ ಪುಸ್ತಕಗಳಲ್ಲಿ ಬರೆದಿರುತ್ತದೆ. ಆ ಸಭೆ ತಡೆದದ್ದು ಸಂನ್ಯಾಸಿಗಳು ವೈದ್ಯ ಮತ್ತು ಕಾನೂನು ಕಲಿಯಲು ಮಠ ಬಿಟ್ಟು ಹೋಗುವುದನ್ನು. ಸುಡುವ, ಕೊಯ್ಯುವ ಶಸ್ತ್ರಕ್ರಿಯೆಯನ್ನು ಪಾದ್ರಿಗಳು ಮಾಡಬಾರದೆಂದು ಸ್ಪಷ್ಟವಾಗಿ ಹೇಳಿದ್ದು 1215ರ ನಾಲ್ಕನೆಯ ಲ್ಯಾಟರನ್ ಸಭೆ.

ವಿಶ್ವವಿದ್ಯಾಲಯದಲ್ಲಿ ಓದಿದ ವೈದ್ಯರಿಗೂ ಈ ಕೆಲಸ ಬೇಕಿರಲಿಲ್ಲ. ಅವರು ಲ್ಯಾಟಿನ್ ಗ್ರಂಥ ಓದಿದವರು, ನಾಡಿ ಹಿಡಿದು ಮೂತ್ರ ನೋಡಿ ಔಷಧ ಹೇಳುವವರು. ಕೈಗೆ ರಕ್ತ, ಕೀವು ಅಂಟುವ ಕೆಲಸ ಕೆಳಗಿನವರದು ಎಂಬುದು ಅವರ ಎಣಿಕೆ. ಮೈ ಮುಟ್ಟುವವನನ್ನು ಕೀಳಾಗಿ ಕಾಣುವ ಚಾಳಿ ಭಾರತದ ಸೊತ್ತು ಮಾತ್ರವಲ್ಲ. ಹೀಗೆ ಊರಿನಲ್ಲಿ ಹರಿತವಾದ ಕತ್ತಿಯಿದ್ದವನು, ಅದನ್ನು ನಡುಗದ ಕೈಯಲ್ಲಿ ಹಿಡಿಯಬಲ್ಲವನು, ಜನರ ಕುತ್ತಿಗೆಯ ಬಳಿ ಕತ್ತಿ ಆಡಿಸಿ ನಂಬಿಕೆ ಗಳಿಸಿದವನು ಕ್ಷೌರಿಕನೇ ಆದ್ದರಿಂದ ಕೆಲಸ ಅವನ ಬಳಿಗೆ ನಡೆದು ಬಂತು. ಹುಣ್ಣು ಕೊಯ್ಯುವುದು, ಹಲ್ಲು ಕೀಳುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಮುರಿದ ಮೂಳೆ ಕೂಡಿಸುವುದು ಎಲ್ಲವೂ ಅವನ ಅಂಗಡಿಯಲ್ಲೇ ನಡೆಯುತ್ತಿತ್ತು. ಅರಬ್ ನಾಡುಗಳಲ್ಲೂ ಕೊಂಬು ಅಥವಾ ಬಟ್ಟಲು ಹಚ್ಚಿ ರಕ್ತ ಹೀರುವವನು ಬಹುಮಟ್ಟಿಗೆ ಕ್ಷೌರಿಕನೇ.

ಕಂಬದ ಮೂಲ ರಕ್ತ ತೆಗೆಯುವ ವಿಧಾನದಲ್ಲಿದೆ. ಗಿರಾಕಿ ಸ್ಟೂಲಿನ ಮೇಲೆ ಕೂರುತ್ತಿದ್ದ. ಮೊಣಕೈಗಿಂತ ಸ್ವಲ್ಪ ಮೇಲೆ ಬಟ್ಟೆಯ ಪಟ್ಟಿಯೊಂದನ್ನು ಬಿಗಿದು ಕಟ್ಟಿದರೆ ರಕ್ತ ಮೇಲಕ್ಕೆ ಹೋಗಲಾಗದೆ ಸಿರೆ ಉಬ್ಬುತ್ತದೆ. ಅದು ಇನ್ನಷ್ಟು ಎದ್ದು ಕಾಣಲೆಂದು ಅವನ ಕೈಗೆ ಒಂದು ದೊಣ್ಣೆ ಕೊಡುತ್ತಿದ್ದರು. ದೊಣ್ಣೆಯನ್ನು ನೆಲಕ್ಕೂರಿ ಗಟ್ಟಿಯಾಗಿ ಹಿಡಿದರೆ ಮುಂಗೈಯ ಸ್ನಾಯುಗಳು ಬಿಗಿಯುತ್ತವೆ, ತೋಳು ಅಲುಗದೆ ನಿಲ್ಲುತ್ತದೆ. ಕ್ಷೌರಿಕ ಮೊಣಕೈಯ ಒಳಮಡಿಕೆಯಲ್ಲಿ ಸಿರೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಪುಟ್ಟ ಚೂಪುಗತ್ತಿಯಿಂದ ಓರೆಯಾಗಿ ಸೀಳುತ್ತಿದ್ದ. ರಕ್ತ ಕೆಳಗೆ ಹಿಡಿದ ಬೋಗುಣಿಗೆ ಇಳಿಯುತ್ತಿತ್ತು. ಗಿರಾಕಿ ದೊಣ್ಣೆಯನ್ನು ಹಿಸುಕಿ ಬಿಟ್ಟು ಮಾಡುತ್ತಿದ್ದರೆ ಹರಿವು ಸರಾಗವಾಗುತ್ತಿತ್ತು. ಸಾಕೆನಿಸಿದಾಗ ಮೇಲಿನ ಕಟ್ಟು ಬಿಚ್ಚಿ, ಗಾಯದ ಮೇಲೆ ಬಟ್ಟೆಯಿಟ್ಟು ಇನ್ನೊಂದು ಪಟ್ಟಿ ಸುತ್ತುತ್ತಿದ್ದ. ಇಂದು ರಕ್ತದಾನ ಶಿಬಿರದಲ್ಲಿ ತೋಳಿಗೆ ರಬ್ಬರು ಬಿಗಿದು, ಕೈಗೆ ಮೆತ್ತನೆಯ ಚೆಂಡು ಕೊಟ್ಟು, ಹಿಸುಕುತ್ತಾ ಇರಿ ಎನ್ನುತ್ತಾರಲ್ಲ, ಆ ಚೆಂಡು ಮಾಡುವ ಕೆಲಸವನ್ನೇ ಅಂದು ದೊಣ್ಣೆ ಮಾಡುತ್ತಿತ್ತು. ತೋಳಿನ ಸಿರೆಗೆ ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಬಿಗಿಯಬೇಕೆಂದು ಸುಶ್ರುತ ಸಂಹಿತೆ ಹೇಳುವುದೂ ಇದೇ ಕಾರಣಕ್ಕೆ.

ದೊಣ್ಣೆ ಬೀದಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಲಂಡನ್ನಿನ ಒಂದು ಆಜ್ಞೆ ಬೆಳಕು ಚೆಲ್ಲುತ್ತದೆ. ಅಲ್ಲಿನ ಕ್ಷೌರಿಕರು ತಮ್ಮ ಅಂಗಡಿಯಲ್ಲಿ ರಕ್ತ ತೆಗೆಯಲಾಗುತ್ತದೆ ಎಂದು ಸಾರಲು ತೆಗೆದ ರಕ್ತವನ್ನೇ ಪಾತ್ರೆಯಲ್ಲಿ ತುಂಬಿ ಕಿಟಕಿಯಲ್ಲಿ ಇಡುತ್ತಿದ್ದರು. ಯಾರೂ ಹಾಗೆ ಎಲ್ಲರಿಗೂ ಕಾಣುವಂತೆ ರಕ್ತ ಇಡಕೂಡದು, ಗುಟ್ಟಾಗಿ ಒಯ್ದು ಥೇಮ್ಸ್ ನದಿಗೆ ಸುರಿಯಬೇಕು, ತಪ್ಪಿದರೆ ಎರಡು ಶಿಲ್ಲಿಂಗ್ ದಂಡ ಎಂದು 1307ರಲ್ಲಿ ನಗರಾಡಳಿತ ವಿಧಿಸಿತು. ನದಿಯ ಗತಿ ಏನಾದೀತೆಂಬ ಚಿಂತೆ ಆಗ ಯಾರಿಗೂ ಇದ್ದಂತಿಲ್ಲ. ನಿಜವಾದ ರಕ್ತ ತೋರಿಸುವಂತಿಲ್ಲ ಎಂದಮೇಲೆ ಅದರ ಬದಲಿಗೆ ಇನ್ನೊಂದು ಗುರುತು ಬೇಕಾಗುತ್ತದೆ. ಓದು ಬರಹ ಬಾರದ ಜನರೇ ಹೆಚ್ಚಿದ್ದ ಊರಿನಲ್ಲಿ ಅಕ್ಷರದ ಫಲಕಕ್ಕೆ ಬೆಲೆಯಿಲ್ಲ. ಗಿರಾಕಿ ಹಿಡಿಯುವ ದೊಣ್ಣೆ, ಕಟ್ಟುವ ಪಟ್ಟಿ, ರಕ್ತ ಹಿಡಿಯುವ ಬೋಗುಣಿ ಇವು ಕಣ್ಣಿಗೆ ಬಿದ್ದ ಕೂಡಲೇ ಅರ್ಥವಾಗುವ ವಸ್ತುಗಳು.

ಈ ಬದಲಿ ಏರ್ಪಾಡು ಎಷ್ಟು ಕಾಲ ನಡೆಯಿತೆಂಬುದಕ್ಕೆ ಇಂಗ್ಲಿಷ್ ಕವಿ ಜಾನ್ ಗೇ 1727ರಲ್ಲಿ ಪ್ರಕಟಿಸಿದ ನೀತಿಕಥೆಗಳಲ್ಲಿ ಒಳ್ಳೆಯ ಸಾಕ್ಷ್ಯ ಸಿಗುತ್ತದೆ. ಅದರಲ್ಲಿ ಬರುವ ಕ್ಷೌರದಂಗಡಿಯ ಕಂಬಕ್ಕೆ ಬೋಗುಣಿಗಳನ್ನು ತೂಗುಹಾಕಿದೆ, ಕಿತ್ತ ಹುಳುಕು ಹಲ್ಲುಗಳನ್ನು ಸಾಲಾಗಿ ಪೋಣಿಸಿದೆ, ಕಿಟಕಿಯ ಬಟ್ಟಲುಗಳೊಳಗೆ ರಕ್ತದಂತೆ ಕಾಣಲೆಂದು ಕೆಂಪು ಚಿಂದಿಬಟ್ಟೆ ತುರುಕಿದೆ. ಕ್ಷೌರ, ಹಲ್ಲು ಕೀಳುವುದು, ರಕ್ತ ತೆಗೆಯುವುದು ಎಂಬ ಮೂರೂ ಕಸುಬನ್ನು ಒಂದೇ ಕಂಬ ಹೇಳುತ್ತಿತ್ತು. 1307ರ ಆಜ್ಞೆ ಹೊರಟು ನಾಲ್ಕು ಶತಮಾನ ಕಳೆದರೂ ಕಿಟಕಿಯಲ್ಲಿ ರಕ್ತದ ಜಾಗವನ್ನು ಕೆಂಪು ಬಟ್ಟೆ ಹಿಡಿದು ನಿಂತಿತ್ತು.

ಬಣ್ಣಗಳಿಗೆ ಹೇಳುವ ಅರ್ಥ ಎಲ್ಲರಿಗೂ ಗೊತ್ತಿರುವುದೇ. ಕೆಂಪು ರಕ್ತಕ್ಕೆ, ಬಿಳಿ ಕಟ್ಟುಪಟ್ಟಿಗೆ, ನೀಲಿ ಸಿರೆಗೆ. ತುದಿಯ ಗುಂಡು ಜಿಗಣೆ ಇಡುವ ಪಾತ್ರೆ, ಬುಡದ ಗುಂಡು ರಕ್ತದ ಬೋಗುಣಿ. ಒಗೆದ ಪಟ್ಟಿಗಳನ್ನು ದೊಣ್ಣೆಗೆ ಕಟ್ಟಿ ಬಾಗಿಲಲ್ಲಿ ಒಣಹಾಕಿದಾಗ ಗಾಳಿಗೆ ಅವು ಸುತ್ತಿಕೊಂಡದ್ದರಿಂದ ಸುರುಳಿಯ ಆಕಾರ ಬಂತು ಎಂಬುದು ಜನಪ್ರಿಯ ವಿವರಣೆ. ಕಲೆ ಕಾಣದಿರಲೆಂದು ದೊಣ್ಣೆಗೇ ಕೆಂಪು ಬಳಿಯುತ್ತಿದ್ದರು ಎನ್ನುವವರೂ ಇದ್ದಾರೆ. ದೊಣ್ಣೆ, ಪಟ್ಟಿ, ಬೋಗುಣಿಗಳ ಸಂಬಂಧ ಗಟ್ಟಿಯಾದದ್ದು. ಗಾಳಿಯ ಕಥೆ ಮಾತ್ರ ಆಮೇಲೆ ಕೂತು ಹೆಣೆದದ್ದೆಂಬ ಅನುಮಾನ ಹುಟ್ಟಿಸುವಷ್ಟು ಅಚ್ಚುಕಟ್ಟಾಗಿದೆ. ದೊಣ್ಣೆಗೆ ಸುಮ್ಮನೆ ಪಟ್ಟಿ ಸುತ್ತಿಟ್ಟರೂ ಸುರುಳಿಯಾಗುತ್ತದೆ, ಅದಕ್ಕೆ ಗಾಳಿ ಬೀಸಬೇಕಾಗಿಲ್ಲ. 18ನೇ ಶತಮಾನದ ಆರಂಭದಲ್ಲೇ ಕಂಬದ ಮೂಲ ಜನರಿಗೆ ಮಸುಕಾಗಿತ್ತು. 1708ರಲ್ಲಿ ಬ್ರಿಟಿಷ್ ಅಪೊಲೊ ಎಂಬ ಲಂಡನ್ ಪತ್ರಿಕೆಗೆ ಓದುಗರಿಂದ ಇದೇ ಪ್ರಶ್ನೆ ಬಂದಾಗ ಅದು ಪ್ರಾಚೀನ ರೋಮಿನವರೆಗೆ ಹೋಗಿ ಪದ್ಯದಲ್ಲಿ ಒಂದು ತಮಾಷೆಯ ಉತ್ತರ ಹೊಸೆಯಿತು.

ಯುರೋಪಿನ ಮುಖ್ಯಭೂಮಿಯ ದೇಶಗಳಲ್ಲಿ ಕಂಬಕ್ಕಿಂತ ಬೋಗುಣಿಯದೇ ಮೆರವಣಿಗೆ. ಜರ್ಮನಿ, ಫ್ರಾನ್ಸ್, ಸ್ಪೇನ್, ಸ್ಕ್ಯಾಂಡಿನೇವಿಯಾಗಳಲ್ಲಿ ಹಿತ್ತಾಳೆಯ ಬೋಗುಣಿಯನ್ನು ಅಂಗಡಿಯ ಮುಂದೆ ತೂಗುಬಿಡುತ್ತಿದ್ದರು. ಅದರ ಅಂಚಿನಲ್ಲಿ ಅರ್ಧಚಂದ್ರಾಕಾರದ ಕಚ್ಚು ಇರುತ್ತದೆ. ಗಡ್ಡಕ್ಕೆ ನೊರೆ ಹಚ್ಚುವಾಗ ಗಿರಾಕಿಯ ಕುತ್ತಿಗೆ ಅದರಲ್ಲಿ ಸರಿಯಾಗಿ ಕೂರುತ್ತದೆ. ರಕ್ತ ತೆಗೆಯುವಾಗ ತೋಳೂ ಕೂರುತ್ತದೆ. 1605ರಲ್ಲಿ ಅಚ್ಚಾದ ಡಾನ್ ಕಿಹೋಟೆ ಕಾದಂಬರಿಯ ನಾಯಕ ಮಳೆಯಿಂದ ತಪ್ಪಿಸಿಕೊಳ್ಳಲು ತಲೆಗೆ ಬೋಗುಣಿ ಕವುಚಿಕೊಂಡು ಬರುತ್ತಿದ್ದ ಕ್ಷೌರಿಕನನ್ನು ಕಂಡು, ಅದು ಮಾಂಬ್ರಿನೋ ರಾಜನ ಚಿನ್ನದ ಶಿರಸ್ತ್ರಾಣವೆಂದು ಭ್ರಮಿಸಿ ಕಿತ್ತುಕೊಳ್ಳುತ್ತಾನೆ. ಆ ಕ್ಷೌರಿಕ ಹೊರಟಿದ್ದು ಪಕ್ಕದ ಹಳ್ಳಿಯಲ್ಲಿ ಒಬ್ಬನಿಗೆ ರಕ್ತ ತೆಗೆಯಲು, ಇನ್ನೊಬ್ಬನಿಗೆ ಗಡ್ಡ ತೆಗೆಯಲು.

ಈ ಕ್ಷೌರಿಕ ಶಸ್ತ್ರವೈದ್ಯರನ್ನು ಬರೀ ನಗೆಪಾಟಲಿನ ಮಂದಿಯೆಂದು ತಿಳಿಯುವುದು ಅನ್ಯಾಯ. ಆಂಬ್ರ್ವಾಸ್ ಪಾರೆ ಎಂಬ ಫ್ರೆಂಚ್ ಶಸ್ತ್ರವೈದ್ಯ ಕ್ಷೌರಿಕರ ಬಳಿ ಕಲಿತು ಬಂದವನು, ಲ್ಯಾಟಿನ್ ಬಾರದವನು. ಗುಂಡೇಟಿನ ಗಾಯದಲ್ಲಿ ವಿಷವಿರುತ್ತದೆಂದು ನಂಬಿ ಅದಕ್ಕೆ ಕುದಿಯುವ ಎಣ್ಣೆ ಸುರಿಯುವುದು ಅಂದಿನ ಪದ್ಧತಿ. 1530ರ ದಶಕದಲ್ಲಿ ಇಟಲಿಯ ಟ್ಯೂರಿನ್ ಬಳಿಯ ಯುದ್ಧಭೂಮಿಯಲ್ಲಿ ಎಣ್ಣೆ ಮುಗಿದುಹೋಯಿತು. ಪಾರೆ ಉಳಿದ ಸೈನಿಕರ ಗಾಯಗಳಿಗೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ಬೆಳಗಾಗುವ ಹೊತ್ತಿಗೆ ಇವರೆಲ್ಲ ಸತ್ತಿರುತ್ತಾರೆಂಬ ಆತಂಕದಿಂದ ಎದ್ದು ನೋಡಿದರೆ, ಕುದಿವ ಎಣ್ಣೆ ಹಾಕಿಸಿಕೊಂಡವರು ಜ್ವರದಿಂದ ನರಳುತ್ತಿದ್ದರು, ಇವರು ನೆಮ್ಮದಿಯಾಗಿ ಮಲಗಿದ್ದರು. 1545ರಲ್ಲಿ ಅವನು ಈ ಅನುಭವವನ್ನು ಫ್ರೆಂಚಿನಲ್ಲೇ ಬರೆದು ಪ್ರಕಟಿಸಿದ. ಕೈಕಾಲು ಕತ್ತರಿಸಿದಾಗ ರಕ್ತನಾಳಗಳನ್ನು ಸುಡುವ ಬದಲು ದಾರದಿಂದ ಕಟ್ಟುವ ವಿಧಾನಕ್ಕೆ ಮತ್ತೆ ಜೀವ ಕೊಟ್ಟವನೂ ಅವನೇ.

ಲಂಡನ್ನಿನಲ್ಲಿ ಕ್ಷೌರಿಕರ ಸಂಘಕ್ಕೆ 1462ರಲ್ಲಿ ರಾಜನ ಸನದು ಸಿಕ್ಕಿತ್ತು. 1540ರಲ್ಲಿ ಎಂಟನೇ ಹೆನ್ರಿಯ ಕಾಲದ ಕಾಯಿದೆಯೊಂದು ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ ಒಂದೇ ಸಂಘಕ್ಕೆ ಸೇರಿಸಿತು. ತಮಾಷೆಯೆಂದರೆ, ಸಂಘ ಒಂದಾಗಿಸಿದ ಅದೇ ಕಾಯಿದೆ ಕೆಲಸವನ್ನು ಬೇರೆ ಮಾಡಿತು: ಶಸ್ತ್ರವೈದ್ಯ ಕ್ಷೌರ ಮಾಡಬಾರದು, ಕ್ಷೌರಿಕ ಹಲ್ಲು ಕೀಳುವುದೊಂದನ್ನು ಬಿಟ್ಟು ಶಸ್ತ್ರಕ್ರಿಯೆ ಮಾಡಬಾರದು, ರಕ್ತವನ್ನೂ ತೆಗೆಯಬಾರದು. ಅಂಗರಚನೆ ಕಲಿಯಲು ಗಲ್ಲಿಗೇರಿಸಿದ ನಾಲ್ವರ ಹೆಣಗಳನ್ನು ವರ್ಷಕ್ಕೊಮ್ಮೆ ಸಂಘಕ್ಕೆ ಕೊಡುವ ಏರ್ಪಾಡೂ ಅದರಲ್ಲಿತ್ತು. ಕಾಯಿದೆಯ ಮಾತು ಹಾಗಿದ್ದರೂ ರೂಢಿ ಅಷ್ಟು ಸುಲಭವಾಗಿ ಬಿಡಲಿಲ್ಲ ಎಂಬುದಕ್ಕೆ ಜಾನ್ ಗೇ ವರ್ಣಿಸಿದ ಅಂಗಡಿಯೇ ಸಾಕು. ಕೊನೆಗೆ 1745ರಲ್ಲಿ ಶಸ್ತ್ರವೈದ್ಯರು ಬೇರೆಯಾದರು. ಅವರ ಸಂಘವೇ 1800ರಲ್ಲಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಆಯಿತು. ಫ್ರಾನ್ಸಿನಲ್ಲಿ ಹದಿನೈದನೇ ಲೂಯಿ 1743ರಲ್ಲೇ ಇಬ್ಬರನ್ನೂ ಬೇರ್ಪಡಿಸಿದ್ದ. ಬ್ರಿಟನ್ನಿನ ಸರ್ಜನ್ನರು ಇಂದಿಗೂ ಡಾಕ್ಟರ್ ಎನ್ನಿಸಿಕೊಳ್ಳದೆ ಮಿಸ್ಟರ್ ಎನ್ನಿಸಿಕೊಳ್ಳುವುದು ವೈದ್ಯ ಪದವಿ ಇಲ್ಲದ ಆ ಹಳೆಯ ದಿನಗಳ ಉಳಿಕೆ.

1797ರಲ್ಲಿ ಶಸ್ತ್ರವೈದ್ಯರ ಮಸೂದೆಯೊಂದನ್ನು ವಿರೋಧಿಸುತ್ತಾ ಲಾರ್ಡ್ ಥರ್ಲೋ ಸಂಸತ್ತಿನ ಮೇಲ್ಮನೆಯಲ್ಲಿ ಒಂದು ಚುಚ್ಚುಮಾತಾಡಿದ. ಕಾನೂನಿನ ಪ್ರಕಾರ ಕ್ಷೌರಿಕರೂ ಶಸ್ತ್ರವೈದ್ಯರೂ ಕಂಬ ನಿಲ್ಲಿಸಲೇಬೇಕು. ಕ್ಷೌರಿಕರದು ನೀಲಿ ಬಿಳಿ ಪಟ್ಟೆಯದು, ಶಸ್ತ್ರವೈದ್ಯರದು ಅಂಥದ್ದೇ, ಜೊತೆಗೆ ಔಷಧದ ಕುಡಿಕೆ ಮತ್ತು ಕೆಂಪು ಬಟ್ಟೆ ಎಂದ. ಕಂಬದ ಚರಿತ್ರೆ ಬರೆಯುವವರು ಈ ಮಾತನ್ನು ತಪ್ಪದೆ ಉದ್ಧರಿಸುತ್ತಾರೆ. ಆದರೆ 1540ರ ಕಾಯಿದೆ ಬೀದಿಗೆ ಕಾಣುವ ಗುರುತು ಇರಬೇಕೆಂದಿತ್ತೇ ಹೊರತು ಬಣ್ಣದ ಸುದ್ದಿ ಎತ್ತಿರಲಿಲ್ಲ. ಎದುರಾಳಿಗಳ ಬಿಂಕ ಇಳಿಸಲು ಆಡಿದ ಮಾತಿಗೆ ಪ್ರಮಾಣದ ಸ್ಥಾನ ಕೊಡುವುದು ಕಷ್ಟ.

ಕಂಬ ಉಳಿಯಿತು, ಅದು ಹೇಳುತ್ತಿದ್ದ ಚಿಕಿತ್ಸೆ ಅಳಿಯಿತು. 1799ರ ಡಿಸೆಂಬರಿನಲ್ಲಿ ಗಂಟಲ ಬೇನೆಗೆ ತುತ್ತಾದ ಜಾರ್ಜ್ ವಾಷಿಂಗ್ಟನ್ನರಿಂದ ಒಂದೇ ದಿನದಲ್ಲಿ ನಾಲ್ಕು ಸಲ ರಕ್ತ ತೆಗೆದರು, ಅದೇ ರಾತ್ರಿ ಅವರು ತೀರಿಕೊಂಡರು. 1833ರಲ್ಲಿ ಫ್ರಾನ್ಸ್ ಒಂದೇ 4 ಕೋಟಿಗೂ ಹೆಚ್ಚು ಜಿಗಣೆಗಳನ್ನು ಹೊರದೇಶಗಳಿಂದ ತರಿಸಿಕೊಂಡಿತು. ಅದೇ ದೇಶದ ಪಿಯರ್ ಲೂಯಿ ಎಂಬ ವೈದ್ಯ ಎಣಿಸಿ ನೋಡುವ ಹಟಕ್ಕೆ ಬಿದ್ದ. ನ್ಯುಮೋನಿಯಾ ರೋಗಿಗಳಲ್ಲಿ ಮೊದಲ ದಿನಗಳಲ್ಲೇ ರಕ್ತ ತೆಗೆಸಿಕೊಂಡ 41 ಮಂದಿಯ ಪೈಕಿ 18 ಜನ ಸತ್ತಿದ್ದರು, ತಡವಾಗಿ ತೆಗೆಸಿಕೊಂಡ 36 ಮಂದಿಯಲ್ಲಿ 9 ಜನ. 1835ರಲ್ಲಿ ಈ ಲೆಕ್ಕ ಪುಸ್ತಕವಾಗಿ ಬಂದಮೇಲೆ ಚಿಕಿತ್ಸೆಯ ಮೇಲಿನ ನಂಬಿಕೆ ನಿಧಾನವಾಗಿ ಕುಸಿಯಿತು.

ಕಂಬವನ್ನು ಯಂತ್ರವಾಗಿಸಿದ್ದು ಅಮೆರಿಕ. ಮೊದಲು ಕಡೆದ ಮರದ ಕಂಬಕ್ಕೆ ಬಣ್ಣ ಬಳಿಯುತ್ತಿದ್ದರು. ಆಮೇಲೆ ಗಾಜಿನ ಕೊಳವೆಯೊಳಗೆ ಪಟ್ಟೆಯ ಸಿಲಿಂಡರ್ ಇಟ್ಟು ಗಡಿಯಾರದಂತೆ ಕೀಲಿ ಕೊಟ್ಟು ತಿರುಗಿಸಿದರು, ವಿದ್ಯುತ್ತು ಬಂದಮೇಲೆ ಮೋಟಾರು, ದೀಪ ಸೇರಿದವು. ನೀಲಿ ಪಟ್ಟೆ ಅಲ್ಲಿ ಗಟ್ಟಿಯಾಗಿ ನಿಂತದ್ದಕ್ಕೆ ಸಿರೆಗಿಂತ ರಾಷ್ಟ್ರಧ್ವಜದ ಬಣ್ಣಗಳೇ ಹೆಚ್ಚು ಕಾರಣವಿರಬಹುದು. ಮಿನ್ನೆಸೋಟಾದ ಸೇಂಟ್ ಪಾಲ್ ನಗರದಲ್ಲಿ 1950ರಲ್ಲಿ ಆರಂಭವಾದ ವಿಲಿಯಂ ಮಾರ್ವಿ ಕಂಪನಿ 1967ರಲ್ಲಿ 5,100 ಕಂಬ ಮಾರಿತು. ಅದೇ ಅದರ ಶಿಖರ. ಬೀಟಲ್ಸ್ ಹಾಡುಗಾರರನ್ನು ನೋಡಿ ಹುಡುಗರು ಕೂದಲು ಬಿಡತೊಡಗಿದ್ದೇ ಕ್ಷೌರಿಕರಿಗೆ ಗಿರಾಕಿ ಕಡಿಮೆಯಾದರು, ಕಂಬಕ್ಕೂ ಬೇಡಿಕೆ ಇಳಿಯಿತು. ಅಲ್ಲಿನ ಕೆಲವು ರಾಜ್ಯಗಳಲ್ಲಿ ಪರವಾನಗಿ ಪಡೆದ ಕ್ಷೌರಿಕರಲ್ಲದೆ ಬೇರೆಯವರು ಕಂಬ ಹಾಕಿದರೆ ಕಾನೂನು ಒಪ್ಪುವುದಿಲ್ಲ.

ತಿರುಗುವ ಕಂಬ ಮನೋವಿಜ್ಞಾನಿಗಳ ಗಮನವನ್ನೂ ಸೆಳೆಯಿತು. ಸಿಲಿಂಡರ್ ಸುತ್ತುವುದು ಅಡ್ಡಕ್ಕೆ, ಆದರೆ ಪಟ್ಟೆಗಳು ಮೇಲಕ್ಕೆ ಏರುತ್ತಿರುವಂತೆ ಕಾಣುತ್ತವೆ. ಜೆ.ಪಿ. ಗಿಲ್‌ಫರ್ಡ್ 1929ರಲ್ಲಿ ಇದನ್ನು ಚರ್ಚಿಸಿದರು, 1935ರಲ್ಲಿ ಹಾನ್ಸ್ ವಾಲಾಕ್ ಆಳವಾಗಿ ಪರೀಕ್ಷಿಸಿದರು. ಉದ್ದಕ್ಕೂ ಒಂದೇ ಬಣ್ಣದ ಪಟ್ಟೆಯಲ್ಲಿ ಕಣ್ಣು ಹಿಡಿದು ಹಿಂಬಾಲಿಸಬಹುದಾದ ಚುಕ್ಕೆಯಿಲ್ಲ. ಅದು ಅಡ್ಡ ಚಲಿಸಿದರೂ, ಮೇಲಕ್ಕೆ ಚಲಿಸಿದರೂ, ಓರೆಯಾಗಿ ಚಲಿಸಿದರೂ ಕಿಂಡಿಯ ಮೂಲಕ ನೋಡುವವರಿಗೆ ಒಂದೇ ನೋಟ. ಆಗ ಮಿದುಳು ಪಟ್ಟೆಯ ತುದಿಗಳನ್ನು ಆಶ್ರಯಿಸುತ್ತದೆ. ಕಂಬ ಎತ್ತರವಾಗಿ ಕಿರಿದಾಗಿರುವುದರಿಂದ ಹೆಚ್ಚಿನ ತುದಿಗಳು ಪಕ್ಕದ ಉದ್ದ ಅಂಚುಗಳ ಮೇಲೆ ಜಾರುತ್ತವೆ, ಅವು ಮೇಲಕ್ಕೇ ಹೋಗುತ್ತವೆ. ಅದೇ ಪಟ್ಟೆಗಳನ್ನು ಅಗಲವಾದ ಗಿಡ್ಡ ಕಿಂಡಿಯಲ್ಲಿ ತೋರಿಸಿದರೆ ಅಡ್ಡಕ್ಕೆ ಹರಿದಂತೆ ಕಾಣುತ್ತವೆ.

ಈ ಭ್ರಮೆಗೆ ಒಂದು ನಾದದ ಜೋಡಿಯೂ ಇದೆ. 1964ರಲ್ಲಿ ರೋಜರ್ ಶೆಪರ್ಡ್ ಕಂಪ್ಯೂಟರಿನಿಂದ ಹುಟ್ಟಿಸಿದ ಸ್ವರಗಳಲ್ಲಿ ಮಂದ್ರ, ಮಧ್ಯ, ತಾರ ಸ್ಥಾಯಿಗಳು ಒಟ್ಟಿಗೇ ನುಡಿಯುತ್ತವೆ. ಸ್ವರ ಮೆಟ್ಟಿಲು ಮೆಟ್ಟಿಲಾಗಿ ಏರುವಾಗ ಮೇಲಿನ ಸ್ಥಾಯಿ ಸದ್ದಿಲ್ಲದೆ ಕರಗುತ್ತದೆ, ಕೆಳಗಿನದು ಅಷ್ಟೇ ಮೆಲ್ಲಗೆ ಮೂಡುತ್ತದೆ. ಕೇಳುವವರಿಗೆ ಕೊನೆಯಿಲ್ಲದ ಆರೋಹಣ. ಇದನ್ನು ನಾದದ ಕ್ಷೌರಕಂಬವೆಂದೇ ಕರೆಯುತ್ತಾರೆ.

ಜಪಾನಿಗೆ ಕಂಬ ಹೋದದ್ದು ಮೇಜಿ ಕಾಲದಲ್ಲಿ. 1871ರಲ್ಲಿ ಅಲ್ಲಿನ ಸರ್ಕಾರ ಜನ ಜುಟ್ಟು ಬಿಟ್ಟು ಬೇಕಾದಂತೆ ಕೂದಲು ಕತ್ತರಿಸಿಕೊಳ್ಳಬಹುದೆಂದು ಸಾರಿದಾಗ ಪಾಶ್ಚಾತ್ಯ ಮಾದರಿಯ ಕ್ಷೌರದಂಗಡಿಗಳು ಎದ್ದವು. ಹೊಸ ಕಂಬಕ್ಕೆ ಜನ ಅರುಹೇಯಿ ಎಂಬ ತಿರುಚಿದ ಬಣ್ಣದ ಸಕ್ಕರೆ ಮಿಠಾಯಿಯ ಹೆಸರಿಟ್ಟರು. ದಕ್ಷಿಣ ಕೊರಿಯಾದಲ್ಲಿ ಕ್ಷೌರದ ನೆಪದ ಬೇರೆ ವ್ಯವಹಾರಗಳಿಗೂ ಅದು ಗುರುತಾದ್ದರಿಂದ ಕಂಬಕ್ಕೆ ಕೆಟ್ಟ ಹೆಸರೂ ಅಂಟಿದೆ.

ಕರ್ನಾಟಕದ ಹಳ್ಳಿಗಳಿಗೆ ಇಂಥ ಗುರುತಿನ ಅಗತ್ಯ ಬಿದ್ದಿರಲಿಲ್ಲ. ಕ್ಷೌರಿಕ ಆಯಗಾರರಲ್ಲಿ ಒಬ್ಬ, ಸುಗ್ಗಿಯಲ್ಲಿ ಕಾಳಿನ ಪಾಲು ಪಡೆಯುವವನು. ಅವನೇ ಹಡಪ ಹಿಡಿದು ಮನೆಬಾಗಿಲಿಗೆ ಬರುತ್ತಿದ್ದ. ಗುರುತಿನ ಕಂಬ ಬೇಕಾಗುವುದು ಅಪರಿಚಿತರು ಓಡಾಡುವ ಪೇಟೆಗೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಸಲೂನುಗಳ ಮುಂದೆ ಈಗ ಕಾಣುವ ವಿದ್ಯುತ್ ಕಂಬಗಳು ಇತ್ತೀಚಿನ ಅಲಂಕಾರ. ಅವು ತಿರುಗುತ್ತಿರುವ ಅಂಗಡಿಗಳ ಒಳಗೆ ಒಂದು ಹನಿ ರಕ್ತವೂ ಬರದಂತೆ ನೋಡಿಕೊಳ್ಳುವುದೇ ಕೆಲಸ. ಎಚ್‌ಐವಿ ಬಗ್ಗೆ ತಿಳಿವಳಿಕೆ ಹರಡಿದ ಮೇಲೆ ಕಲ್ಲಿಗೆ ಮಸೆಯುವ ಹಳೆಯ ಕತ್ತಿ ಮೂಲೆ ಸೇರಿ, ಗಿರಾಕಿಯ ಕಣ್ಣೆದುರೇ ಹೊಸ ಬ್ಲೇಡು ಮುರಿದು ಹಾಕುವ ಪದ್ಧತಿ ಬಂದಿದೆ.

ಕಂಬದ ಹೆಸರು ದೂರದೂರದ ವಸ್ತುಗಳಿಗೂ ಹತ್ತಿದೆ. ವಿಮಾನದ ವೇಗಮಾಪಕದಲ್ಲಿ ಮೀರಬಾರದ ವೇಗವನ್ನು ತೋರುವ ಕೆಂಪು ಬಿಳಿ ಪಟ್ಟೆಯ ಮುಳ್ಳನ್ನು ಪೈಲಟ್‌ಗಳು ಕ್ಷೌರಕಂಬ ಎನ್ನುತ್ತಾರೆ. ಹವಳದ ದಿಬ್ಬಗಳ ಒಂದು ಸೀಗಡಿಗೂ ಅದೇ ಹೆಸರು. ಎಲ್ಲಕ್ಕಿಂತ ಸರಿಯಾಗಿ ಹೊಂದುವುದು ಕುರಿ ಮೇಕೆಗಳ ಹೊಟ್ಟೆಯ ಹುಳು ಹೀಮಾಂಕಸ್ ಕಂಟಾರ್ಟಸ್. ಕರ್ನಾಟಕದ ಕುರಿಗಾಹಿಗಳಿಗೂ ಇದರ ಕಾಟ ತಪ್ಪಿದ್ದಲ್ಲ. ಎರಡು ಮೂರು ಸೆಂಟಿಮೀಟರ್ ಉದ್ದದ ಹೆಣ್ಣು ಹುಳುವಿನಲ್ಲಿ ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿಯ ಅಂಡಾಶಯ ಸುರುಳಿ ಸುತ್ತಿರುತ್ತದೆ. ಒಂದು ಹುಳು ದಿನಕ್ಕೆ ಹೀರುವುದು ಸುಮಾರು 0.05 ಮಿಲಿಲೀಟರ್, ಸಾವಿರ ಹುಳುವಿದ್ದರೆ 50 ಮಿಲಿಲೀಟರ್. ಕುರಿ ಬಿಳಿಚಿಕೊಂಡು, ದವಡೆಯ ಕೆಳಗೆ ನೀರು ತುಂಬಿ ಬಾತುಕೊಳ್ಳುತ್ತದೆ. ಮಳೆಗಾಲದ ಬೆಚ್ಚಗಿನ ತೇವದಲ್ಲಿ ಮರಿಹುಳುಗಳು ಹುಲ್ಲಿಗೇರುವುದರಿಂದ ರೋಗ ಹೆಚ್ಚುವುದೂ ಆಗಲೇ. ಕುರಿಯ ಕಣ್ಣಿನ ಕೆಳರೆಪ್ಪೆ ಸರಿಸಿ ಒಳಪೊರೆ ಕೆಂಪಗಿದೆಯೇ ಬೆಳ್ಳಗಿದೆಯೇ ಎಂದು ಐದು ಬಣ್ಣಗಳ ಚೀಟಿಗೆ ಹೋಲಿಸಿ ನೋಡಿ, ಔಷಧ ಬೇಕಾದವಕ್ಕೆ ಮಾತ್ರ ಕುಡಿಸುವ ವಿಧಾನವನ್ನು ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ್ದಾರೆ.